ಜರಿಯುವ ಧರೆ, ತೊಳೆದುಹೋಗುವ ಅಂಗಳ: ಗೋಡೆಯೋ, ಕಲ್ಲೋ, ಲಾವಂಚವೋ?

ಮಂಗಳೂರು, ಉಡುಪಿ ಕಡೆಯಲ್ಲಿ ಇಂದು ಮನೆ ಕಟ್ಟುವವರಿಗೆ ಸಮತಟ್ಟಾದ ಜಾಗ ಸಿಗುವುದು ಅಪರೂಪ. ಬೊಂದೆಲ್, ಕುಲಶೇಖರ, ಮರೋಳಿ, ಪರ್ಕಳ, ಮಣಿಪಾಲ, ಹೀಗೆ ಎಲ್ಲಿ ನೋಡಿದರೂ ಗುಡ್ಡದ ಒಂದು ಮಗ್ಗುಲನ್ನು ಜೆಸಿಬಿಯಿಂದ ಕಡಿದು, ಕಡಿದ ಮಣ್ಣನ್ನೇ ಎದುರಿನ ತಗ್ಗಿಗೆ ತುಂಬಿ, ಹತ್ತು ಸೆಂಟ್ಸ್ ಜಾಗವನ್ನು ಮಟ್ಟ ಮಾಡಿಕೊಂಡು ಪಂಚಾಂಗ (ಮನೆಯ ಅಡಿಪಾಯ) ಹಾಕುವುದು ರೂಢಿಯಾಗಿದೆ. ಹೀಗಾಗಿ ಮನೆಯ ಹಿಂದೆ ಧರೆ, ಅಂದರೆ ಗುಡ್ಡ ಕಡಿದಲ್ಲಿ ಉಳಿದ ಕಡಿದಾದ ಮಣ್ಣಿನ ಮುಖ, ಇರುತ್ತದೆ, ಮುಂದೆ ತುಂಬಿದ ಮಣ್ಣು ಇರುತ್ತದೆ. ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುವ ಈ ಸೀಮೆಯಲ್ಲಿ ಹಿಂದಿನ ಧರೆ ಜರಿಯುವುದಕ್ಕಾಗಲಿ ಮುಂದಿನ ಅಂಗಳ ತೊಳೆದುಹೋಗುವುದಕ್ಕಾಗಲಿ ಹೆಚ್ಚು ವರ್ಷ ಬೇಕಾಗುವುದಿಲ್ಲ.

ಒಂದು ಮಳೆಗಾಲದಲ್ಲಿ ಸ್ವಲ್ಪ ಮಣ್ಣು ಜಾರಿದ ಕೂಡಲೇ ಮನೆಯವರು ಮೇಸ್ತ್ರಿಯನ್ನು ಕರೆಸಿ, ತಡೆಗೋಡೆಗೆ ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಮುಂಚೆ ಉತ್ತರಿಸಬೇಕಾದ ಪ್ರಶ್ನೆಗಳು ಎರಡಿವೆ: ಕಾಲಡಿಯಲ್ಲಿರುವ ಮಣ್ಣು ಯಾವುದು, ಮತ್ತು ಜಾಗಕ್ಕೆ ಬೀಳುವ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದೆ. ಇವೆರಡು ತಿಳಿದ ಮೇಲೆ ಗೋಡೆ, ಕಲ್ಲು, ಗಿಡ ಇವುಗಳಲ್ಲಿ ಯಾವುದು ಎಂಬ ಆಯ್ಕೆ ಮುಕ್ಕಾಲು ಪಾಲು ತಾನಾಗಿಯೇ ಆಗಿಬಿಡುತ್ತದೆ; ಅಷ್ಟೇ ಅಲ್ಲ, ಎಷ್ಟೋ ಮನೆಗಳಿಗೆ ಗೋಡೆಯೇ ಬೇಡವೆಂದು ತಿಳಿಯುತ್ತದೆ.

ಸವಕಳಿ ಮೊದಲು ಕಾಣಿಸುವುದು ಎಲ್ಲಿ

ಧರೆ ಕುಸಿದಾಗ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಅಂಗಳದ ಮಣ್ಣು ಹೋಗುವುದು ಸದ್ದಿಲ್ಲದ ಕೆಲಸ. ಐದು ಸೆಂಟ್ಸ್ ಅಂಗಳದಿಂದ ಒಂದೇ ಒಂದು ಸೆಂಟಿಮೀಟರ್ ಮಣ್ಣು ತೊಳೆದುಹೋದರೆ ಅದು ಎರಡು ಘನ ಮೀಟರ್ ಆಗುತ್ತದೆ, ಅಂದರೆ ಎರಡೂವರೆಯಿಂದ ಮೂರು ಟನ್ ತೂಕದ ಮಣ್ಣು. ಇದನ್ನು ಕಣ್ಣಿನಿಂದ ಅಳೆಯುವ ಸುಲಭ ವಿಧಾನ ಒಂದಿದೆ. ಜೋರು ಮಳೆ ನಿಂತ ಮೇಲೆ ಗಿಡಗಳಿಲ್ಲದ ಕಡೆ ಕುಕ್ಕರಗಾಲಲ್ಲಿ ಕುಳಿತು ನೆಲವನ್ನು ಹತ್ತಿರದಿಂದ ನೋಡಬೇಕು. ಸಣ್ಣ ಸಣ್ಣ ಹರಳುಕಲ್ಲುಗಳು, ಒಡೆದ ಹೆಂಚಿನ ಚೂರುಗಳು ಮಣ್ಣಿನ ಪುಟ್ಟ ಕಂಬಗಳ ಮೇಲೆ ನಿಂತಿರುತ್ತವೆ. ಕಲ್ಲಿನ ಅಡಿಯ ಮಣ್ಣು ಹನಿಯ ಪೆಟ್ಟಿನಿಂದ ಉಳಿದುಕೊಂಡಿದೆ, ಸುತ್ತಲಿನದು ಹೋಗಿದೆ. ಆ ಕಂಬದ ಎತ್ತರ ಎಷ್ಟಿದೆಯೋ ಕನಿಷ್ಠ ಅಷ್ಟು ಮಣ್ಣು ಇತ್ತೀಚಿನ ಮಳೆಗಳಲ್ಲಿ ಅಂಗಳ ಬಿಟ್ಟಿದೆ ಎಂದು ತಿಳಿಯಬಹುದು.

ಗೋಡೆಯ ಬುಡದಲ್ಲಿ ಮೊಣಕಾಲೆತ್ತರದವರೆಗೆ ಕೆಂಪು ಚಿಮ್ಮಿದ ಕಲೆ ಇದ್ದರೆ ಅದು ಸುಣ್ಣ ಬಳಿಯಬೇಕೆಂಬ ಸೂಚನೆಯಷ್ಟೇ ಅಲ್ಲ, ಹನಿ ಬಿದ್ದಲ್ಲಿ ಬರಿಯ ಮಣ್ಣಿದೆ ಎಂಬುದರ ಗುರುತು. ಮನೆ ಸುತ್ತಲಿನ ಸಿಮೆಂಟು ಪಟ್ಟಿಯನ್ನು ಬೆರಳ ಗೆಣ್ಣಿನಿಂದ ಬಡಿದಾಗ ಟೊಳ್ಳು ಸದ್ದು ಕೇಳಿಸಿದರೆ ಅದರ ಅಡಿಯಿಂದ ಮಣ್ಣು ಕೊಚ್ಚಿಹೋಗಿದೆ. ತೆಂಗಿನ ಬುಡದ ಬೇರುಗಳು ಹೊರಗೆ ಕಾಣುವುದು, ಕಾಂಪೌಂಡ್ ಗೋಡೆ ತಗ್ಗಿನ ಕಡೆಗೆ ವಾಲುವುದು, ಮಳೆಯ ಮರುದಿನ ಬಾವಿಯ ನೀರು ಕದಡುವುದು, ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುವುದು, ಇವು ಒಂದಕ್ಕಿಂತ ಒಂದು ಗಂಭೀರವಾದ ಲಕ್ಷಣಗಳು. ಕೊನೆಯ ಎರಡು ಕಂಡರೆ ಈ ಬರಹವನ್ನು ಪಕ್ಕಕ್ಕಿಟ್ಟು ಎಂಜಿನಿಯರರನ್ನು ಕರೆಸುವುದು ಲೇಸು.

ಮುರಕಲ್ಲು, ಶೇಡಿ, ಹೊಯಿಗೆ, ತುಂಬಿದ ಮಣ್ಣು

ಕರಾವಳಿಯ ಗುಡ್ಡಗಳ ಮೇಲ್ಪದರ ಮುರಕಲ್ಲು. ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವ ಈ ಕಲ್ಲು ನೆಟ್ಟಗೆ ಕಡಿದರೂ ಗೋಡೆಯಂತೆ ನಿಲ್ಲುತ್ತದೆ, ಮತ್ತು ಜಾಗ ಮಾಡಿಸಿದವರಿಗೆ ಹುಸಿ ಧೈರ್ಯ ಬರುವುದೂ ಅದರಿಂದಲೇ. ಮುರಕಲ್ಲಿನ ಅಡಿಯಲ್ಲಿ ಬಹುತೇಕ ಕಡೆ ಶೇಡಿ ಮಣ್ಣಿನ ಪದರವಿರುತ್ತದೆ. ಬಿಳಿ, ನಸುಗೆಂಪು, ಹಳದಿ ಬಣ್ಣಗಳು ಬೆರೆತ, ಮುಟ್ಟಿದರೆ ಹಿಟ್ಟಿನಂತೆ ನುಣ್ಣಗಿರುವ ಈ ಮಣ್ಣು ಒಣಗಿದ್ದಾಗ ಗುದ್ದಲಿಗೂ ಬಗ್ಗುವುದಿಲ್ಲ. ನೀರು ಕುಡಿದಾಗ ಶಕ್ತಿಯನ್ನೆಲ್ಲ ಕಳೆದುಕೊಂಡು ರಾಡಿಯಾಗುತ್ತದೆ. ಸುರತ್ಕಲ್‌ನ ಎಂಜಿನಿಯರಿಂಗ್ ವಿದ್ಯಾಸಂಸ್ಥೆ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ಬಹಳ ಸಂಶೋಧನೆ ನಡೆದಿರುವುದಕ್ಕೆ ಕಾರಣ ಇದೇ. 2019ರ ಆಗಸ್ಟ್‌ನಲ್ಲಿ ಪಡೀಲ್ ಮತ್ತು ಕುಲಶೇಖರದ ನಡುವೆ ಗುಡ್ಡ ಜರಿದು ಹಳಿಯ ಮೇಲೆ ಬಂದಾಗ ಕೊಂಕಣ ಮಾರ್ಗದ ರೈಲುಗಳು ಹಲವು ದಿನ ನಿಂತುಹೋದವು. ಎಷ್ಟು ತೆಗೆದರೂ ಮತ್ತೆ ಮತ್ತೆ ಇಳಿದು ಬರುತ್ತಿದ್ದುದು ನೀರು ಕುಡಿದ ಕೆಸರು ಮಣ್ಣು.

ನಿಮ್ಮ ಧರೆಯಲ್ಲಿ ಶೇಡಿ ಇದೆಯೇ ಎಂದು ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಧರೆಯ ಬೇರೆ ಬೇರೆ ಎತ್ತರದಿಂದ ಅಡಿಕೆ ಗಾತ್ರದ ಮಣ್ಣಿನ ಗಟ್ಟಿಗಳನ್ನು ತಂದು ಎರಡು ದಿನ ಚೆನ್ನಾಗಿ ಒಣಗಿಸಿ, ಒಂದೊಂದನ್ನು ಒಂದೊಂದು ಗಾಜಿನ ಲೋಟದ ನೀರಿಗೆ ಮೆಲ್ಲನೆ ಬಿಡಬೇಕು. ಮುರಕಲ್ಲಿನ ಚೂರು ಗುಳ್ಳೆ ಬಿಟ್ಟುಕೊಂಡು ಹಾಗೆಯೇ ಕೂರುತ್ತದೆ. ಶೇಡಿಯ ಗಟ್ಟಿಯಾದರೆ ಅಂಚಿನಿಂದ ಪುಡಿಪುಡಿಯಾಗಿ ಉದುರಲಾರಂಭಿಸಿ ಸ್ವಲ್ಪ ಹೊತ್ತಿನಲ್ಲೇ ತಳದಲ್ಲಿ ಬಿಳಿಚಿದ ರಾಶಿಯಾಗುತ್ತದೆ. ಹೀಗೆ ಕರಗುವ ಮಣ್ಣು ಧರೆಯ ಬುಡದಲ್ಲಿದ್ದು ಮೇಲೆ ಗಟ್ಟಿ ಮುರಕಲ್ಲಿದ್ದರೆ ಅದು ಎಲ್ಲಕ್ಕಿಂತ ಅಪಾಯದ ಜೋಡಿ, ಏಕೆಂದರೆ ಬುಡ ಕರಗುತ್ತ ಹೋದಾಗ ಮೇಲಿನ ಕಲ್ಲು ಮುನ್ಸೂಚನೆಯಿಲ್ಲದೆ ಒಂದೇ ತುಂಡಾಗಿ ಕಳಚಿ ಬೀಳುತ್ತದೆ.

ತುಂಬಿದ ಮಣ್ಣಿನ ಸಂಗತಿ ಬೇರೆ. ಪದರ ಪದರವಾಗಿ ನೀರು ಹಾಕಿ ಕುಟ್ಟದೆ ಟಿಪ್ಪರ್‌ನಿಂದ ಸುರಿದ ಮಣ್ಣು ಮೊದಲ ಕೆಲವು ಮಳೆಗಾಲಗಳಲ್ಲಿ ಕುಸಿಯುತ್ತಲೇ ಇರುತ್ತದೆ, ಅದರ ಮೇಲೆ ಏನು ಕಟ್ಟಿದರೂ ಬಿರುಕು ಬಿಡುತ್ತದೆ. ಉಳ್ಳಾಲ, ಮಲ್ಪೆ, ಕಾಪು ಕಡೆಯ ಹೊಯಿಗೆ (ಮರಳು) ನೆಲದ ವಿಚಾರವನ್ನು ಕೊನೆಯಲ್ಲಿ ನೋಡೋಣ.

ಮೊದಲ ಆಯ್ಕೆ ನೀರಿನದು: ಇಂಗಿಸುವುದೋ, ಸಾಗಿಸುವುದೋ

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಸುರಿಯುವುದು ಮಳೆಯ ಅತ್ಯಂತ ತೀವ್ರ ದರ್ಜೆ. ಅಂಥ ಒಂದು ದಿನ ಸಾವಿರ ಚದರಡಿಯ ತಾರಸಿಯಿಂದ ಸುಮಾರು 19 ಸಾವಿರ ಲೀಟರ್ ನೀರು ಇಳಿಯುತ್ತದೆ. ಇಡೀ ವರ್ಷಕ್ಕೆ ಲೆಕ್ಕ ಹಾಕಿದರೆ ಮೂರು ಲಕ್ಷ ಲೀಟರಿಗೂ ಮಿಕ್ಕಿ. ಹಳೆಯ ಹೆಂಚಿನ ಮನೆಗಳಲ್ಲಿ ಈ ನೀರು ಮಾಡಿನ ಉದ್ದಕ್ಕೂ ಹಂಚಿಹೋಗಿ, ಗೋಡೆಯಿಂದ ಎರಡು ಮೂರು ಅಡಿ ಆಚೆಗೆ ಬೀಳುತ್ತಿತ್ತು. ಬೇಡದ ಕಡೆ ಬೀಳುವ ಸೂರಿನ ನೀರಿಗೆ ದಂಬೆ (ಅಡಿಕೆ ಮರ ಸೀಳಿ ಮಾಡಿದ ದೋಣಿ) ಇಡುತ್ತಿದ್ದರು, ಮಳೆ ಬಡಿಯುವ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗಿನ ತಾರಸಿಯ ಮನೆ ಅದೇ ನೀರನ್ನು ನಾಲ್ಕು ಪೈಪುಗಳಿಗೆ ಸೇರಿಸಿ ಪಂಚಾಂಗದ ನಾಲ್ಕು ಮೂಲೆಗಳಿಗೆ ಬಿಡುತ್ತದೆ. ಅಂಗಳದ ಸವಕಳಿಗೆ ಮದ್ದು ಹುಡುಕುವವರು ಮೊದಲು ಆ ನಾಲ್ಕು ಪೈಪುಗಳ ಬಾಯಿಯನ್ನು ನೋಡಬೇಕು.

ಇಲ್ಲಿ ಎರಡು ದಾರಿಗಳಿವೆ. ಒಂದು, ನೀರನ್ನು ಇಂಗುಗುಂಡಿಗೆ ಬಿಟ್ಟು ಇಂಗಿಸುವುದು. ಇನ್ನೊಂದು, ಕಲ್ಲು ಅಥವಾ ಕಾಂಕ್ರೀಟಿನ ಕಣಿಯ (ಸಣ್ಣ ಕಾಲುವೆಯ) ಮೂಲಕ ತೋಡಿಗೋ ರಸ್ತೆಯ ಚರಂಡಿಗೋ ಸಾಗಿಸುವುದು. ನೀರಿಂಗಿಸುವುದು ಒಳ್ಳೆಯ ಕೆಲಸ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಬೇಸಿಗೆಯಲ್ಲಿ ಬಾವಿ ಒಣಗುವ ಈ ಜಿಲ್ಲೆಗಳಲ್ಲಿ ಅದು ಸತ್ಯವೂ ಹೌದು. ಆದರೆ ಧರೆಯ ಮೇಲಂಚಿನಲ್ಲಿ ಇಂಗುಗುಂಡಿ ತೋಡುವುದೆಂದರೆ ಕೆಳಗಿನ ಶೇಡಿಗೆ ನೀರುಣಿಸುವುದೆಂದೇ ಅರ್ಥ. ಗುಂಡಿಯಿಂದ ಇಳಿದ ನೀರು ಮುರಕಲ್ಲಿನ ರಂಧ್ರಗಳಲ್ಲಿ ಸಲೀಸಾಗಿ ಹಾದು, ನೀರು ಬಿಟ್ಟುಕೊಡದ ಶೇಡಿಯ ಮೇಲೆ ನಿಂತು, ಅಲ್ಲಿಂದ ಧರೆಯ ಮುಖಕ್ಕೆ ಒಸರುತ್ತದೆ. ಆದ್ದರಿಂದ ಜಾಗ ಸಮತಟ್ಟಾಗಿದ್ದರೆ, ಮನೆಯಿಂದಲೂ ಬಾವಿಕಟ್ಟೆಯಿಂದಲೂ ಸಾಕಷ್ಟು ದೂರವಿದ್ದು ಕೆಳಗೆ ಯಾರ ಧರೆಯೂ ಇಲ್ಲವಾದರೆ ಇಂಗಿಸುವುದು ಮೇಲು. ಧರೆಯಿದ್ದರೆ, ಅದು ನಿಮ್ಮದಾಗಲಿ ಕೆಳಗಿನ ಮನೆಯವರದಾಗಲಿ, ಸಾಗಿಸುವುದೇ ಮೇಲು. ತೊಟ್ಟಿಯಲ್ಲಿ ಹಿಡಿದಿಟ್ಟುಕೊಳ್ಳುವುದಾದರೆ ಎರಡೂ ಕಡೆ ನಡೆಯುತ್ತದೆ, ಆದರೆ ಐದು ಸಾವಿರ ಲೀಟರಿನ ತೊಟ್ಟಿ ಜೋರು ಮಳೆಯ ಒಂದು ಬೆಳಗ್ಗೆಯಲ್ಲೇ ತುಂಬಿ ಉಕ್ಕುವುದರಿಂದ, ಉಕ್ಕಿದ ನೀರಿಗೂ ಕಣಿ ಬೇಕೇ ಬೇಕು.

ಧರೆಯ ಮೇಲ್ಭಾಗದಿಂದ ಹರಿದು ಬರುವ ನೀರಿಗೆ ಅಂಚಿನಿಂದ ಹಿಂದಕ್ಕೆ ಸರಿದು ಅಡ್ಡಕಣಿ ತೋಡಿ, ಅದರ ತಳಕ್ಕೆ ಸಿಮೆಂಟು ಹಾಕಿಸಿ, ಬದಿಯಿಂದ ಕೆಳಗಿಳಿಸುವುದು ಎಲ್ಲ ಆಯ್ಕೆಗಳ ಪೈಕಿ ಅತಿ ಕಡಿಮೆ ಖರ್ಚಿನದು ಮತ್ತು ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಫಲ ಕೊಡುವಂಥದು. ತಳಕ್ಕೆ ಸಿಮೆಂಟು ಹಾಕದ ಕಣಿ ಮಾತ್ರ ಅಲ್ಲಿಯೇ ನೀರಿಂಗಿಸಿ ಇಂಗುಗುಂಡಿಯಷ್ಟೇ ಕೇಡು ಮಾಡುತ್ತದೆ. ಕಣಿ ಕೆಳಗಿಳಿಯುವ ಜಾಗದಲ್ಲಿ ಮೆಟ್ಟಿಲು ಮಾಡಿ, ಕೊನೆಯಲ್ಲಿ ದಪ್ಪ ಕಲ್ಲುಗಳನ್ನು ಹಾಸಿದರೆ ನೀರಿನ ವೇಗ ಮುರಿಯುತ್ತದೆ. ತಡೆಗೋಡೆಗೆ ಲಕ್ಷಗಟ್ಟಲೆ ಸುರಿಯುವ ಮುನ್ನ ಒಂದು ಮಳೆಗಾಲ ಈ ಕಣಿಯನ್ನು ಪರೀಕ್ಷಿಸಿ ನೋಡುವ ತಾಳ್ಮೆ ನಮ್ಮಲ್ಲಿ ಕಡಿಮೆ. ಕಣಿ ಮನೆಗೆ ಬಂದವರ ಕಣ್ಣಿಗೆ ಬೀಳುವುದಿಲ್ಲ, ಗೋಡೆ ಬೀಳುತ್ತದೆ ಎಂಬುದೂ ಅದಕ್ಕೊಂದು ಕಾರಣವಿರಬಹುದು.

ಕಟ್ಟುವ ಆಯ್ಕೆಗಳು

ಇಲ್ಲಿಗೆ ಕಟ್ಟಲೇಬೇಕೆಂದು ನಿರ್ಧಾರವಾಗಿದೆ ಎಂದಿಟ್ಟುಕೊಳ್ಳೋಣ. ಮುಂದಿನ ಹೋಲಿಕೆಗೆಲ್ಲ ಆಧಾರವಾದ ಒಂದು ಲೆಕ್ಕವನ್ನು ಮೊದಲು ಹೇಳಬೇಕು. ಗೋಡೆಯ ಹಿಂದೆ ಒಂದು ಮೀಟರ್ ಎತ್ತರಕ್ಕೆ ನೀರು ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 500 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ಎತ್ತರ ಎರಡು ಮೀಟರ್ ಆದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗಿ 2,000 ಕಿಲೋ ಮುಟ್ಟುತ್ತದೆ. ಇದರೊಂದಿಗೆ ಮಣ್ಣಿನ ಒತ್ತಡ ಬೇರೆ. ಮೇ ತಿಂಗಳಲ್ಲಿ ಭದ್ರವಾಗಿ ಕಾಣುವ ಗೋಡೆ ಜುಲೈಯಲ್ಲಿ ಮಲಗುವುದು ಈ ನೀರಿನಿಂದ.

ಕೆಂಪುಕಲ್ಲಿನ, ಅಂದರೆ ಕಡಿದ ಮುರಕಲ್ಲಿನ, ಗೋಡೆ ನಮ್ಮವರ ಮೊದಲ ಆಯ್ಕೆ, ಏಕೆಂದರೆ ಕಲ್ಲು ಊರಿನದು, ಕಟ್ಟುವ ಕೈಗಳೂ ಊರಿನವು. ಕಾಂಪೌಂಡಿಗೆ ಇದು ಚೆನ್ನ. ತೊಂದರೆ ಆಗುವುದು ಕಾಂಪೌಂಡ್ ಗೋಡೆಯನ್ನೇ ತಡೆಗೋಡೆಯಾಗಿ ದುಡಿಸಿದಾಗ. ಒಂದು ಕಲ್ಲಿನ ದಪ್ಪಕ್ಕೆ ಕಟ್ಟಿದ ಗೋಡೆಯ ಒಳಬದಿಗೆ ಅಂಗಳ ಎತ್ತರಿಸಲೆಂದು ಮೂರು ನಾಲ್ಕು ಅಡಿ ಮಣ್ಣು ತುಂಬಿಸುತ್ತಾರೆ. ಆ ಗೋಡೆ ಗಾಳಿ ಮಳೆಯನ್ನು ತಾಳಲು ಕಟ್ಟಿದ್ದೇ ಹೊರತು ಮಣ್ಣನ್ನು ಹೊರಲು ಕಟ್ಟಿದ್ದಲ್ಲ. ಬರೀ ತನ್ನ ತೂಕದಿಂದಲೇ ಮಣ್ಣನ್ನು ತಡೆಯುವ ಕಲ್ಲಿನ ಗೋಡೆಗೆ ಬುಡದ ಅಗಲ ಎತ್ತರದ ಅರ್ಧದಷ್ಟಾದರೂ ಇರಬೇಕು; ನಾಲ್ಕು ಅಡಿ ಎತ್ತರಕ್ಕೆ ಎರಡು ಅಡಿ. ಅಷ್ಟು ಅಗಲಕ್ಕೆ ಕಟ್ಟುವುದಾದರೆ ಒಂದು ಮೀಟರಿನವರೆಗಿನ ಎತ್ತರಕ್ಕೆ ಕೆಂಪುಕಲ್ಲು ಸಾಕು, ಅದಕ್ಕಿಂತ ಮೇಲೆ ನಾನು ಶಿಫಾರಸು ಮಾಡಲಾರೆ. ಸದಾ ಒದ್ದೆಯಿರುವ ಕಡೆ ಮೆತ್ತನೆಯ ಕೆಂಪುಕಲ್ಲು ಸವೆಯುವುದರಿಂದ ಬುಡದ ಎರಡು ವರಸೆಗಳನ್ನಾದರೂ ಕರಿಕಲ್ಲಿನಲ್ಲಿ ಕಟ್ಟಿಸುವುದು ಒಳ್ಳೆಯದು.

ಗಾರೆಯಿಲ್ಲದೆ, ಹಿಂದಕ್ಕೆ ಓರೆ ಕೊಟ್ಟು ಪೇರಿಸಿದ ಕರಿಕಲ್ಲಿನ ಕಟ್ಟೆಯನ್ನು ಹಳಬರು ಗದ್ದೆಯ ಬದುವಿಗೂ ತೋಡಿನ ಬದಿಗೂ ಬಳಸುತ್ತಿದ್ದರು, ಈಗ ಅದನ್ನು ಹಳತೆಂದು ಬದಿಗೆ ಸರಿಸಲಾಗಿದೆ. ಇದರ ದೊಡ್ಡ ಗುಣವೆಂದರೆ ಪ್ರತಿಯೊಂದು ಸಂದಿಯೂ ನೀರಿಗೆ ಬಾಗಿಲು. ಹಿಂದೆ ನೀರು ನಿಲ್ಲುವುದೇ ಇಲ್ಲ. ನೆಲ ಸ್ವಲ್ಪ ಕುಳಿತರೆ ಕಟ್ಟೆಯೂ ಅದರೊಂದಿಗೆ ಕುಳಿತುಕೊಳ್ಳುತ್ತದೆ, ಬಿರುಕು ಬಿಡುವುದಿಲ್ಲ. ತುಂಬಿದ ಮಣ್ಣಿನ ಅಂಚಿಗೆ, ಐದು ಅಡಿಯೊಳಗಿನ ಎತ್ತರಕ್ಕೆ, ನನ್ನ ಮೊದಲ ಆಯ್ಕೆ ಇದು. ಕೊರತೆಗಳೂ ಇವೆ: ಅಗಲ ಜಾಗ ತಿನ್ನುತ್ತದೆ, ಕಲ್ಲು ಕೂರಿಸುವ ಕೈಚಳಕ ಬಲ್ಲವರು ವಿರಳವಾಗುತ್ತಿದ್ದಾರೆ, ಶೇಡಿ ಮಣ್ಣಿದ್ದರೆ ನುಣ್ಣನೆಯ ಕಣಗಳು ಸಂದಿಯಿಂದ ಸೋರಿಹೋಗದಂತೆ ಹಿಂದೆ ಜಲ್ಲಿಯ ಪದರ ಮತ್ತು ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ) ಬಟ್ಟೆ ಹಾಕಲೇಬೇಕು. ಹೊರಗೆ ಚಂದ ಕಾಣಲೆಂದು ಸಂದಿಗಳಿಗೆ ಸಿಮೆಂಟು ಮೆತ್ತಿದರೆ ಅದರ ಗುಣವೆಲ್ಲ ಹೋಯಿತು.

ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಗೋಡೆ ಎತ್ತರದ ಧರೆಗೆ, ಜಾಗ ಇಕ್ಕಟ್ಟಾಗಿರುವ ಕಡೆಗೆ ತಕ್ಕದ್ದು. ಬುಡದಿಂದ ಹಿಂದಕ್ಕೆ ಚಾಚಿದ ಕಾಂಕ್ರೀಟ್ ಪಾದದ ಮೇಲೆ ಮಣ್ಣೇ ಕುಳಿತು ಗೋಡೆಯನ್ನು ಹಿಡಿದುಕೊಳ್ಳುವುದರಿಂದ ಕಡಿಮೆ ದಪ್ಪದಲ್ಲಿ ಹೆಚ್ಚು ಎತ್ತರ ಸಾಧ್ಯ. ಆದರೆ ಆ ಪಾದ ಕೂರಿಸಲು ಧರೆಯ ಬುಡವನ್ನು ಇನ್ನಷ್ಟು ಒಳಕ್ಕೆ ಕಡಿಯಬೇಕಾಗುತ್ತದೆ. ಎಷ್ಟೋ ಕುಸಿತಗಳು ಗೋಡೆ ಕಟ್ಟುವ ಕೆಲಸದ ನಡುವೆಯೇ ಆಗುವುದು ಇದಕ್ಕೇ. ಆರು ಅಡಿ ಮೀರಿದ ಯಾವ ಗೋಡೆಯನ್ನೂ ವಿನ್ಯಾಸವಿಲ್ಲದೆ, ಮೇಸ್ತ್ರಿಯ ಅಂದಾಜಿನ ಮೇಲೆ ಕಟ್ಟಿಸಬಾರದು. ಒಂದೂವರೆ ಮೀಟರಿಗೊಂದರಂತೆ ಮೂರು ನಾಲ್ಕು ಇಂಚಿನ ಪೈಪುಗಳನ್ನು ಹೊರಮುಖವಾಗಿ ಇಳಿಜಾರು ಕೊಟ್ಟು ಕೂರಿಸಿ, ಅವುಗಳ ಹಿಂದೆ ಒಂದಡಿಯಷ್ಟು ಜಲ್ಲಿ ತುಂಬಿಸಿದರೆ ಮಾತ್ರ ಆರ್‌ಸಿಸಿಗೆ ಹಾಕಿದ ಹಣ ಸಾರ್ಥಕ. ಕಟ್ಟಿದ ಮೇಲೂ ಪರೀಕ್ಷೆ ಸುಲಭ: ಎರಡು ದಿನ ಬಿಡದೆ ಮಳೆ ಸುರಿದ ಮೇಲೆ ಗೋಡೆಯ ಮುಂದೆ ಹೋಗಿ ನಿಂತು ನೋಡಬೇಕು. ಪೈಪುಗಳಿಂದ ನೀರು ತೊಟ್ಟಿಕ್ಕುತ್ತಿದ್ದರೆ ಗೋಡೆ ಉಸಿರಾಡುತ್ತಿದೆ. ಪೈಪಿನ ಬಾಯಿ ಒಣಗಿದ್ದು, ಅದರ ಕೆಳಗಿನ ಕಾಂಕ್ರೀಟ್ ಜೋಡಣೆಯ ಗೆರೆಯಲ್ಲಿ ನೀರು ಜಿನುಗುತ್ತಿದ್ದರೆ ಪೈಪಿನ ಹಿಂಬದಿ ಕಟ್ಟಿಕೊಂಡಿದೆ, ಹಿಂದೆ ನೀರು ನಿಂತಿದೆ. ಪೈಪಿನಿಂದ ಬರುವ ನೀರು ಹಾಲಿನಂತೆ ಬೆಳ್ಳಗಿದ್ದರೆ ಶೇಡಿಯೇ ಹೊರಗೆ ಬರುತ್ತಿದೆ. ಅದು ತಿಳಿನೀರಿಗಿಂತ ಕೆಟ್ಟ ಸುದ್ದಿ.

ತಂತಿಬಲೆಯ ಪೆಟ್ಟಿಗೆಯಲ್ಲಿ ಕಲ್ಲು ತುಂಬಿ ಒಂದರ ಮೇಲೊಂದು ಇಡುವ ಗೇಬಿಯನ್ ಕಟ್ಟೆ ಗಾರೆಯಿಲ್ಲದ ಕರಿಕಲ್ಲಿನ ಕಟ್ಟೆಯ ಗುಣಗಳನ್ನೇ ಹೆಚ್ಚು ಎತ್ತರಕ್ಕೆ ಒಯ್ಯುತ್ತದೆ, ಕೈಚಳಕದ ಅಗತ್ಯವೂ ಕಡಿಮೆ. ಕಡಲಿಗೆ ಹತ್ತಿರವಿರುವವರು ಒಂದನ್ನು ಗಮನಿಸಬೇಕು: ಉಪ್ಪುಗಾಳಿಗೆ ಸಾಮಾನ್ಯ ಸತುಲೇಪದ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಪಿವಿಸಿ ಹೊದಿಕೆಯ ತಂತಿಯೇ ಆಗಬೇಕು. ಮನೆಯಂಗಳಕ್ಕೆ ಇದು ಸ್ವಲ್ಪ ಒರಟಾಗಿ ಕಾಣುತ್ತದೆ ಎಂಬ ಆಕ್ಷೇಪ ಕೇಳಿಬರುತ್ತದೆ. ಹಿತ್ತಲ ಧರೆಗೆ ಆ ಆಕ್ಷೇಪ ಸಲ್ಲದು.

ಗೋಡೆಗಿಂತ ಅಗ್ಗದ, ಆದರೆ ಜಾಗ ಬೇಡುವ ಇನ್ನೊಂದು ದಾರಿ ಧರೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಓರೆ ಮಾಡುವುದು. ಹನ್ನೆರಡು ಅಡಿಯ ಒಂದೇ ಧರೆಗಿಂತ ನಡುವೆ ಅಗಲವಾದ ತಟ್ಟುಗಳಿರುವ ನಾಲ್ಕಡಿಯ ಮೂರು ಧರೆಗಳು ಎಷ್ಟೋ ಸುರಕ್ಷಿತ. ಮನೆ ಕಟ್ಟುವ ಮೊದಲು ಈ ಕೆಲಸ ಸಲೀಸು. ಕಟ್ಟಿದ ಮೇಲೆ ಯಂತ್ರ ಹಿಂದಕ್ಕೆ ಹೋಗಲು ದಾರಿಯೇ ಉಳಿದಿರುವುದಿಲ್ಲ.

ಬೆಳೆಸುವ ಆಯ್ಕೆಗಳು

ಲಾವಂಚದ ಹೆಸರು ಈಗ ಎಲ್ಲೆಡೆ ಕೇಳಿಬರುತ್ತಿದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಇದನ್ನು ಜಗತ್ತಿನಾದ್ಯಂತ ಪ್ರಚಾರ ಮಾಡುವ ಎಷ್ಟೋ ಮೊದಲೇ ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ಇದನ್ನು ನೆಡುತ್ತಿದ್ದರು. ಬೇರು ಅಡ್ಡಕ್ಕೆ ಹರಡದೆ ನೇರವಾಗಿ ಕೆಳಗಿಳಿಯುವುದು, ಅನುಕೂಲ ಸಿಕ್ಕರೆ ಎರಡು ಮೂರು ಮೀಟರ್ ಆಳ ಮುಟ್ಟುವುದು, ದಟ್ಟವಾಗಿ ಬೆಳೆದ ಸಾಲು ಹರಿದು ಬರುವ ಮಣ್ಣನ್ನು ಸೋಸಿ ನಿಲ್ಲಿಸಿಕೊಳ್ಳುವುದು ಇದರ ಹೆಗ್ಗಳಿಕೆ. ಓರೆಯಾದ, ಬಿಸಿಲು ಬೀಳುವ, ಅಗೆದರೆ ಗುದ್ದಲಿ ಇಳಿಯುವ ಮಣ್ಣಿನ ಇಳಿಜಾರಿಗೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಮಳೆ ಹಿಡಿದ ಕೂಡಲೇ ಸಮಪಾತಳಿಯ ಸಾಲಿನಲ್ಲಿ ಗೇಣಿಗಿಂತ ಹತ್ತಿರ ಹತ್ತಿರವಾಗಿ ಕಂದುಗಳನ್ನು ನೆಟ್ಟು, ಸಾಲಿಂದ ಸಾಲಿಗೆ ಒಂದು ಮೀಟರ್ ಇಳಿತವಿರುವಂತೆ ನೋಡಿಕೊಳ್ಳಬೇಕು. ವಿರಳವಾಗಿ ನೆಟ್ಟರೆ ನೀರು ಸಂದಿಗಳಲ್ಲೇ ನುಗ್ಗಿ ಮೊದಲಿಗಿಂತ ಆಳದ ಕೊರಕಲು ಮಾಡುತ್ತದೆ.

ಲಾವಂಚ ಕೈಕೊಡುವ ಕಡೆಗಳನ್ನೂ ಹೇಳಬೇಕು. ಹಲಸು, ಮಾವಿನ ನೆರಳಿನಲ್ಲಿ ಅದು ಬಡಕಲಾಗುತ್ತದೆ. ನಮ್ಮ ಹಿತ್ತಲುಗಳು ಬಹುಪಾಲು ನೆರಳಿನವೇ. ಗಟ್ಟಿ ಮುರಕಲ್ಲಿನಲ್ಲಿ ಬೇರು ಇಳಿಯುವುದಿಲ್ಲ. ನೆಟ್ಟಗೆ ಕಡಿದ ಧರೆಯ ಮುಖಕ್ಕೆ ಇದು ಮದ್ದಲ್ಲ. ಮೊದಲ ಮಳೆಗಾಲವಿಡೀ ಅದಕ್ಕೇ ರಕ್ಷಣೆ ಬೇಕು. ಇನ್ನು ಸುವಾಸನೆಯ ಬೇರನ್ನು ಮಾರಬಹುದೆಂದು ಕೆಲವರು ಲೆಕ್ಕ ಹಾಕುತ್ತಾರೆ. ಬೇರು ಕೀಳಬೇಕಾದರೆ ಇಳಿಜಾರನ್ನೇ ಅಗೆಯಬೇಕಾಗುತ್ತದೆ, ಆದ್ದರಿಂದ ಮಣ್ಣು ಹಿಡಿಯಲೆಂದು ನೆಟ್ಟ ಲಾವಂಚವನ್ನು ಎಂದಿಗೂ ಕೀಳಬಾರದು.

ಆ ಮೊದಲ ಮಳೆಗಾಲವನ್ನು ದಾಟಿಸುವುದಕ್ಕೆ ತೆಂಗಿನ ನಾರಿನ ಬಲೆಯಿದೆ. ಚದರ ಮೀಟರಿಗೆ 400, 700, 900 ಗ್ರಾಂ ತೂಕದ ದರ್ಜೆಗಳಲ್ಲಿ ಸಿಗುವ ಈ ಬಲೆಯನ್ನು ಇಳಿಜಾರಿನ ಮೇಲೆ ಹಾಸಿ, ಮೇಲಂಚನ್ನು ಸಣ್ಣ ಅಗಳು ತೋಡಿ ಹೂತು, ಬಿದಿರಿನ ಗೂಟಗಳಿಂದ ಬಿಗಿದು, ಕಣ್ಣುಗಳ ನಡುವೆ ಗಿಡ ನೆಡುತ್ತಾರೆ. ಎರಡು ಮೂರು ವರ್ಷಗಳಲ್ಲಿ ಅದು ಮಣ್ಣಾಗುವ ಹೊತ್ತಿಗೆ ಗಿಡ ಬೇರೂರಿರುತ್ತದೆ. ನೀಲಿ ಟಾರ್ಪಾಲಿನೊಂದಿಗೆ ಹೋಲಿಸಿದರೆ ಇದು ನಿಧಾನದ, ಆದರೆ ಉಳಿಯುವ ಉಪಾಯ. ಟಾರ್ಪಾಲು ಆಪತ್ತಿಗೆ ಮಾತ್ರ ಸರಿ. ಅದರ ಮೇಲಂಚನ್ನು ಮಣ್ಣಿನೊಳಗೆ ಹೂಳದೆ ಬರೀ ಕಲ್ಲು ಹೇರಿ ಬಿಟ್ಟರೆ ಮೇಲಿನಿಂದ ಬಂದ ನೀರೆಲ್ಲ ಅದರ ಅಡಿಯಲ್ಲೇ ಹರಿಯುತ್ತದೆ.

ಮರಗಳ ವಿಚಾರದಲ್ಲಿ ನಮ್ಮಲ್ಲಿರುವ ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಮರವಿದ್ದ ಮಾತ್ರಕ್ಕೆ ಮಣ್ಣು ಉಳಿಯುವುದಿಲ್ಲ. ಸಾಗುವಾನಿಯಂಥ ಅಗಲ ಎಲೆಗಳಿಂದ ತೊಟ್ಟಿಕ್ಕುವ ಹನಿ ಮಳೆಯ ಹನಿಗಿಂತ ದಪ್ಪ, ಅದು ಎತ್ತರದಿಂದ ಬಿದ್ದಾಗ ಪೆಟ್ಟೂ ಜೋರು. ಮಣ್ಣನ್ನು ಕಾಯುವುದು ಬುಡದ ತರಗೆಲೆ ಮತ್ತು ನೆಲಕ್ಕಂಟಿದ ಗಿಡಗಳು. ನಾವೋ ದಿನಾ ಬೆಳಗ್ಗೆ ಅದನ್ನೇ ಗುಡಿಸಿ ಬೆಂಕಿ ಹಾಕುತ್ತೇವೆ. ಧರೆಯ ಅಂಚಿನಲ್ಲಿರುವ ದೊಡ್ಡ ಮರ ಗಾಳಿಗೆ ತೂಗಿ ಧರೆಯನ್ನು ಸಡಿಲಿಸುವುದು ನಿಜ. ಆದರೆ ಹೆದರಿ ಬುಡಕ್ಕೆ ಕಡಿದುಹಾಕಿದರೆ ಕೆಲವು ವರ್ಷಗಳಲ್ಲಿ ಬೇರುಗಳು ಕೊಳೆತು, ಅವು ಹಿಡಿದಿದ್ದ ಮಣ್ಣು ಬಿಟ್ಟುಕೊಳ್ಳುತ್ತದೆ, ಬೇರಿದ್ದ ಕೊಳವೆಗಳಲ್ಲಿ ನೀರೂ ಇಳಿಯುತ್ತದೆ. ಕೊಂಬೆಗಳನ್ನು ಸವರಿ ಭಾರ ಇಳಿಸುವುದು ಎರಡರ ನಡುವಿನ ದಾರಿ.

ಅಂಗಳಕ್ಕೆ: ಇಂಟರ್‌ಲಾಕ್, ಜಲ್ಲಿ, ಹುಲ್ಲು

ಕೆಸರು ಬೇಡವೆಂದು ಅಂಗಳಕ್ಕೆಲ್ಲ ಇಂಟರ್‌ಲಾಕ್ (ಒಂದಕ್ಕೊಂದು ಕೂಡುವ ಸಿಮೆಂಟು ಇಟ್ಟಿಗೆ) ಹಾಸುವುದು ಈಗಿನ ಚಾಳಿ. ಹಾಸಿದಲ್ಲಿ ಮಣ್ಣು ಹೋಗುವುದಿಲ್ಲ, ನಿಜ. ಆದರೆ ಹಿಂದೆ ಇಂಗುತ್ತಿದ್ದ ನೀರು ಕೂಡ ಈಗ ವೇಗವಾಗಿ ಹರಿದು, ಹಾಸು ಮುಗಿಯುವ ಅಂಚಿನಲ್ಲಿ ಗುಂಡಿ ತೋಡುತ್ತದೆ, ಗೇಟಿನಾಚೆ ನೆರೆಯವರ ಅಂಗಳಕ್ಕೆ ನುಗ್ಗುತ್ತದೆ. ಕಾರು ಓಡಾಡುವ ಪಟ್ಟಿಗೆ ಇಂಟರ್‌ಲಾಕ್, ಉಳಿದದ್ದಕ್ಕೆ ಬೇರೆ ಎಂದು ವಿಂಗಡಿಸುವುದು ವಿವೇಕ. ಸೂರಿನ ನೀರು ಬೀಳುವ ಗೆರೆಗೆ ಎರಡಡಿ ಅಗಲದ ಜಲ್ಲಿಯ ಪಟ್ಟಿ ಹಾಕಿದರೆ ಗೋಡೆಯ ಕೆಂಪು ಕಲೆ ಆ ವರ್ಷವೇ ನಿಲ್ಲುತ್ತದೆ. ಬಿಸಿಲಿರುವ ಕಡೆ ಗರಿಕೆ, ನೆರಳು ತಂಪಿರುವ ಕಡೆ ಒಂದೆಲಗ ತಾವಾಗಿಯೇ ಹಬ್ಬುತ್ತವೆ. ಚಟ್ನಿ ತಂಬುಳಿಗಳಿಗೂ ಆಯಿತು. ಏನೂ ಮಾಡಲಾಗದಿದ್ದರೆ ಮಳೆಗಾಲದ ಮಟ್ಟಿಗೆ ಮಡಲು, ಅಡಿಕೆ ಸೋಗೆ ಹಾಸುವುದಕ್ಕೆ ಖರ್ಚೇ ಇಲ್ಲ, ಜಾರುವುದೊಂದನ್ನು ನೋಡಿಕೊಳ್ಳಬೇಕು.

ಹೊಯಿಗೆ ನೆಲದವರಿಗೆ

ಉಳ್ಳಾಲ, ಸೋಮೇಶ್ವರ, ಪಡುಕೆರೆ, ಮರವಂತೆಯ ಕಡೆ ಶತ್ರು ಬೇರೆ. ಅಲೆ ನೇರವಾಗಿ ದಡ ತಿನ್ನುವ ಕಡಲ್ಕೊರೆತಕ್ಕೆ ಒಬ್ಬೊಬ್ಬರ ಗೋಡೆ ಉತ್ತರವಲ್ಲ. ಒಂದು ಮನೆಯವರು ಕಲ್ಲು ಹಾಕಿದರೆ ಅಲೆಯ ಹೊಡೆತ ಪಕ್ಕದ ಜಾಗಕ್ಕೆ ತಿರುಗುತ್ತದೆ. ಅಲ್ಲಿ ಮನೆಯವರ ಕೈಯಲ್ಲಿರುವುದು ಗಾಳಿಗೂ ಮಳೆಗೂ ಹೊಯಿಗೆ ಹೋಗದಂತೆ ನೋಡಿಕೊಳ್ಳುವುದಷ್ಟೇ. ಅದಕ್ಕೆ ಆಡಿನ ಗೊರಸಿನಂಥ ಎಲೆ, ನೇರಳೆ ಹೂವಿನ ಕಡಲತಡಿಯ ಬಳ್ಳಿಯನ್ನು ಕಿತ್ತುಹಾಕದೆ ಬಿಡುವುದು, ಮುಂಡುಕ (ಕೇದಗೆ ಜಾತಿಯ ಗಿಡ) ಮತ್ತು ಗಾಳಿಮರಗಳನ್ನು ಸಾಲಾಗಿ ಬೆಳೆಸುವುದು ಕಾಂಕ್ರೀಟಿಗಿಂತ ಮೇಲು. ಹೊಯಿಗೆಯಲ್ಲಿ ನೀರು ತಟ್ಟನೆ ಇಂಗುವುದರಿಂದ ಗುಡ್ಡದವರಿಗೆ ಬೇಡವೆಂದ ಇಂಗುಗುಂಡಿ ಇಲ್ಲಿ ನಿಶ್ಚಿಂತೆಯ ಆಯ್ಕೆ, ಬಾವಿಗೆ ಉಪ್ಪುನೀರು ಏರುವುದನ್ನು ಸ್ವಲ್ಪ ಹಿಮ್ಮೆಟ್ಟಿಸುವ ಲಾಭವೂ ಇದೆ.

ಆಯ್ಕೆ ಯಾವುದಾದರೂ ಮಣ್ಣು ಅಗೆಯುವ ಕೆಲಸ ಮೇ ತಿಂಗಳ ಕೊನೆಗೆ ಬರುವ ತುಳುವರ ಪತ್ತನಾಜೆಯೊಳಗೆ ಮುಗಿದಿರಬೇಕು, ಗಿಡ ನೆಡುವ ಕೆಲಸ ಅದರ ನಂತರ ಶುರುವಾಗಬೇಕು. ಏಪ್ರಿಲ್ ಕೊನೆಯಲ್ಲಿ ಮೇಸ್ತ್ರಿಗಳೆಲ್ಲ ಕೆಲಸದಲ್ಲಿ ಮುಳುಗಿರುವುದರಿಂದ ಗೋಡೆಯ ಮಾತುಕತೆಯನ್ನು ದೀಪಾವಳಿ ಕಳೆದ ಕೂಡಲೇ, ಧರೆ ಎಲ್ಲೆಲ್ಲಿ ಒಸರಿತ್ತು ಎಂಬ ಗುರುತು ಇನ್ನೂ ಹಸಿಯಾಗಿರುವಾಗಲೇ ಆಡಿಕೊಳ್ಳುವುದು ಉತ್ತಮ. ಕೆಳಗಿನ ಅಥವಾ ಮೇಲಿನ ಜಾಗದವರನ್ನೂ ಅದೇ ದಿನ ಕರೆದು ಕಣಿ ಎಲ್ಲಿಂದ ಎಲ್ಲಿಗೆ ಎಂದು ಒಪ್ಪಿಸಿಕೊಂಡರೆ ಎರಡು ಗೋಡೆಗಳ ಬದಲು ಒಂದೇ ಕಣಿಯಲ್ಲಿ ಕೆಲಸ ಮುಗಿಯುವ ಸಂದರ್ಭಗಳು ಎಷ್ಟೋ ಇವೆ. ಗೋಡೆಗೇ ಹೋಗುವುದಾದರೆ ಗುತ್ತಿಗೆಯ ಕಾಗದದಲ್ಲಿ ಪೈಪುಗಳ ಸಂಖ್ಯೆ, ಹಿಂದಿನ ಜಲ್ಲಿಯ ದಪ್ಪ, ಬುಡದ ಅಗಲ, ಈ ಮೂರನ್ನೂ ಬರೆಸಿಕೊಂಡು, ಮಣ್ಣು ಮುಚ್ಚುವ ಮೊದಲು ಅವುಗಳ ಫೋಟೋ ತೆಗೆದಿಟ್ಟುಕೊಳ್ಳಬೇಕು. ಮುಚ್ಚಿದ ಮೇಲೆ ಅವು ಇವೆಯೋ ಇಲ್ಲವೋ ಎಂದು ನೋಡುವ ದಾರಿಯಿಲ್ಲ.